ದಿಂಬಿನ ಬಲಗಡೆ

ಜೂನ್ 3

ಪ್ರೀತಿಯ ಕಡ್ಡಿ,

ನೀನು ಹೋದ ಮೇಲೆ ಮನೆ ಹೇಗಿದೆ ಎಂದು ನೀನಾಗಿ ಕೇಳುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ. ಸದ್ದಿಲ್ಲ. ಗುಂಡ ನಿದ್ದೆಯಲ್ಲಿ ಬೆಚ್ಚಿಬೀಳುವುದು ನಿಂತಿದೆ. ಅವನ ಪಾದದ ಸುಟ್ಟ ಗಾಯ ಮಾಯುತ್ತಿದೆ, ತೆಳ್ಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿದೆ. ಬೆಳಿಗ್ಗೆ "ಅಕ್ಕ ಎಲ್ಲಿ?" ಅಂದ. "ಓದೋಕೆ ಹೋಗಿದ್ದಾಳೆ ಕಣೋ" ಅಂದೆ. "ಇಸ್ತ್ರಿಪೆಟ್ಟಿಗೆ ತಗೊಂಡು ಹೋಗಿದ್ದಾಳಾ?" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಜನ ಆಡಿಕೊಂಡಾಗ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನೀನು ಗಣಿತದ ಟೀಚರ ಕೈ ಕಚ್ಚಿದಾಗ ನಿನ್ನ ಪರವಾಗಿ ಹೋಗಿ ಜಗಳ ಆಡಿ ಬಂದೆ. ಪಕ್ಕದ ಮನೆಯ ಕಿಟಕಿ ಒಡೆದಾಗ ನಾನೇ ನಿಂತು ಗಾಜು ಹಾಕಿಸಿದೆ. ಆದರೆ ನೀನು ಎಸೆದ ಕಾದ ಇಸ್ತ್ರಿಪೆಟ್ಟಿಗೆ ಗುಂಡನ ಕಾಲ ಮೇಲೆ ಬಿದ್ದ ದಿನ ನನ್ನೊಳಗೆ ಏನೋ ಕಡಿದುಹೋಯಿತು. ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು.

ಮುಂಗೋಪದ ಮಕ್ಕಳನ್ನು ತಿದ್ದುವ ನಿನ್ನ ವಸತಿಶಾಲೆಯ ಸಲಹೆಗಾರರು ನನಗೊಂದು ನಿಯಮ ಹೇಳಿಕೊಟ್ಟಿದ್ದಾರೆ. ಮೊದಲ ಅವಧಿ ಮುಗಿಯುವವರೆಗೆ ಫೋನಿಲ್ಲ, ಭೇಟಿಯಿಲ್ಲ, ಪತ್ರ ಮಾತ್ರ. ನೀನು ಸಮಾಧಾನದಿಂದ ಬರೆದರೆ ನಾನು ಉತ್ತರ ಬರೆಯಬೇಕು. ಪತ್ರ ಒಂದು ಒಳ್ಳೆಯ ವಿಷಯದಿಂದ ಶುರುವಾಗಬೇಕು, ಅದರಲ್ಲಿ ದೂರು ಇರಬಾರದು. ಕೂಗಾಡಿ ಬರೆದರೆ ಮೊದಲ ಸಾಲು ನೋಡಿ ನಿಲ್ಲಿಸಿ ಅದನ್ನು ಹಾಗೆಯೇ ವಾಪಸ್ ಕಳಿಸಬೇಕು. "ಕೂಗಿಗೆ ಉತ್ತರ ಸಿಕ್ಕರೆ ಕೂಗು ಬೆಳೆಯುತ್ತದೆ" ಅಂದರು. ನಮ್ಮ ಅಂಗಡಿಯಲ್ಲಿ ಎಷ್ಟು ಉಜ್ಜಿದರೂ ಕಲೆ ಹೋಗದ ಬಟ್ಟೆಗೆ ಕೆಂಪು ಚೀಟಿ ಚುಚ್ಚಿ ವಾಪಸ್ ಕೊಡುತ್ತೇವಲ್ಲ, ಗಿರಾಕಿಯ ಜೊತೆ ವಾದಕ್ಕೆ ಇಳಿಯುವುದಿಲ್ಲವಲ್ಲ, ನಿನ್ನ ಪತ್ರಕ್ಕೂ ಹಾಗೇ ಚುಚ್ಚುತ್ತೇನೆ ಅಂದೆ. ಅವರಿಗೆ ತುಂಬ ಇಷ್ಟವಾಯಿತು.

ಬಟ್ಟೆಗೆ ಮಾತ್ರ ಈ ನಿಯಮ ಇಲ್ಲ. ನಿನ್ನ ಸಮವಸ್ತ್ರ, ದಿಂಬಿನ ಕವರು ಎಲ್ಲ ನನಗೇ ಕಳಿಸು. ಗುಂಡನ ಅಪ್ಪ ಓಡಿಸುವ ಬಸ್ಸು ವಾರಕ್ಕೊಮ್ಮೆ ಆ ದಾರಿಯಲ್ಲೇ ಹೋಗುತ್ತದೆ. (ನೀನು ಅವರನ್ನು 'ಡ್ರೈವರ್' ಅಂತಲೇ ಕರಿ, ಬೇಡ ಅನ್ನುವುದನ್ನು ನಾನು ಬಿಟ್ಟಿದ್ದೇನೆ.) ನಾವು ಮಾತು ಬಿಟ್ಟಿದ್ದರೂ ನಿನ್ನ ಬಟ್ಟೆಯನ್ನು ನಾನೇ ಕೈಯಾರೆ ಒಗೆಯಬೇಕು. ನೀನು ಚಿಕ್ಕವಳಿದ್ದಾಗ ಅಂಗಡಿಯ ಮೇಜಿನ ಮೇಲೆ ಕೂತು ಒಪ್ಪಿಸುತ್ತಿದ್ದೆ, ನೆನಪಿದೆಯಾ? ಟೀ ಕಲೆಗೆ ಬಿಸಿನೀರು, ಮೈಯಿಂದ ಬಂದ ಕಲೆಗೆ ತಣ್ಣೀರು. ರಕ್ತವೋ ಕೀವೋ ಬಿಸಿನೀರಿಗೆ ಬಿದ್ದರೆ ನೂಲಿನಲ್ಲೇ ಬೆಂದು ಕೂತುಬಿಡುತ್ತದೆ. ಗಿರಾಕಿ ಸುಳ್ಳು ಹೇಳಬಹುದು, ಅವನ ಅಂಗಿ ನನಗೆ ಎಲ್ಲ ಹೇಳಿಬಿಡುತ್ತದೆ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಚೆನ್ನಾಗಿ ತಿನ್ನು. ಯಾರಿಗೂ ಹೊಡೆಯಬೇಡ.

ನಿನ್ನ ಅಮ್ಮ


ಜೂನ್ 9

ಅಮ್ಮ,

ಒಳ್ಳೆಯ ವಿಷಯದಿಂದ ಶುರು ಮಾಡಬೇಕಂತೆ. ಒಳ್ಳೆಯ ವಿಷಯ: ಇಲ್ಲಿ ನೀನಿಲ್ಲ.

ಕೆಂಪು ಚೀಟಿ ರೆಡಿ ಮಾಡಿಕೋ. ಮೊದಲ ಸಾಲಿಗೇ ಪಿನ್ನು ಕೈಗೆತ್ತಿಕೊಂಡಿರುತ್ತೀಯ. ಆದರೂ ಬರೆಯುತ್ತೇನೆ, ಬರೆಯದೆ ಇದ್ದರೆ ಯಾರಿಗಾದರೂ ಹೊಡೆಯಬೇಕಾಗುತ್ತದೆ.

ಕೋಣೆಯಲ್ಲಿ ಎರಡು ಸಾಲು ಕಬ್ಬಿಣದ ಮಂಚ. ಮಗ್ಗುಲು ಬದಲಿಸಿದರೆ ಮಂಚ ಕಿರುಚುತ್ತದೆ, ಯಾರು ಮಗ್ಗುಲಾದರು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮನ್ನು ಕಾಯುವ ಮೇಲ್ವಿಚಾರಕಿಯ ಕೈಯಲ್ಲಿ ಸದಾ ಒಂದು ಹಿತ್ತಾಳೆಯ ಗಂಟೆ. ಅವಳ ಹೆಸರೂ 'ಗಂಟೆ'ಯೇ. ನಿನ್ನ ಸಲಹೆಗಾರರಿಗೆ ನಾವಿಟ್ಟ ಹೆಸರು 'ಬೆಣ್ಣೆ'. ಮಾತು ಅಷ್ಟು ನುಣುಪು. "ಕೋಪ ಬಂತಾ ಪುಟ್ಟಾ? ಎಲ್ಲಿ ಬಂತು, ತೋರಿಸು" ಅಂದರು. ತೋರಿಸಿದೆ. ಅವರ ಕನ್ನಡಕ ಒಡೆಯಿತು.

ಹಾಗೆ ಮಾಡಿದವರನ್ನು ಗಂಟೆ ಹಿತ್ತಲಿನ ಕಲ್ಲಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಕುತ್ತಿಗೆ ಹಿಡಿದು ತಲೆಯನ್ನು ನೀರಿಗೆ ಅದ್ದುತ್ತಾಳೆ. "ತಲೆ ತಣ್ಣಗಾಗ್ಲಿ, ಆಮೇಲೆ ಮಾತಾಡೋಣ" ಅನ್ನುತ್ತಾಳೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಬಟ್ಟೆ ಅದ್ದಿದ ಹಾಗೆ ಅದ್ದುತ್ತಾಳೆ. ನೀನಿದ್ದರೆ ಅವಳನ್ನು ಅಂಗಡಿಗೆ ಸೇರಿಸಿಕೊಳ್ಳುತ್ತಿದ್ದೆ. ನಾನು ಬಂದಾಗಿನಿಂದ ದಿನಾ ತೊಟ್ಟಿ ನೋಡುತ್ತಿದ್ದೇನೆ. ಯಾಕೆಂದರೆ ಇಲ್ಲಿನ ಹುಡುಗಿಯರಿಗೆ ನನ್ನ ಸುದ್ದಿ ಹೇಗೋ ತಿಳಿದಿದೆ. ನನ್ನನ್ನು 'ಇಸ್ತ್ರಿ' ಎಂದು ಕರೆಯುತ್ತಾರೆ. "ಇಸ್ತ್ರಿ, ಮಗು ಚೆನ್ನಾಗಿ ಬೆಂತಾ?"

ನನಗೆ ಮೊದಲು ಅಂಗೈ ಬಿಸಿಯಾಗುತ್ತದೆ ಅಮ್ಮ. ಆಮೇಲೆ ಹಲ್ಲು. ಆಮೇಲೆ ನಾನು ಅಲ್ಲಿರುವುದಿಲ್ಲ, ಎಲ್ಲ ಮುಗಿದ ಮೇಲೆ ವಾಪಸ್ ಬಂದು ನೋಡುತ್ತೇನೆ. ಇಸ್ತ್ರಿಪೆಟ್ಟಿಗೆಯನ್ನು ನಾನು ಗೋಡೆಗೆ ಎಸೆದೆ. ನಿನ್ನ ಡ್ರೈವರ್ "ಈ ಮನೆ ನಿಂದಲ್ಲ" ಅಂದಿದ್ದಕ್ಕೆ ಎಸೆದೆ. ಗುಂಡ ಮಂಚದ ಕೆಳಗೆ ಇದ್ದದ್ದು ಗೊತ್ತಿರಲಿಲ್ಲ. ಅವನು ಕಿರುಚಿದ್ದು ನನಗೆ ಈಗಲೂ ಊಟದ ಹೊತ್ತಿನಲ್ಲಿ ಕೇಳಿಸುತ್ತದೆ. ಇದನ್ನು ಬೆಣ್ಣೆಗೆ ಹೇಳುವುದಿಲ್ಲ, ನಿನಗೂ ಹೇಳುವುದಿಲ್ಲ, ನೀನು ಇಲ್ಲಿಯವರೆಗೆ ಓದಿರುವುದಿಲ್ಲ.

ತೊಟ್ಟಿಯ ನೀರು ಬಲಗಿವಿಗೆ ಹೋಗುತ್ತಿದೆ. ನನ್ನ ಬಲಗಿವಿ ಹೇಗೆ ಎಂದು ನಿನಗೆ ಗೊತ್ತು. ಹತ್ತಿ ಇಟ್ಟು ತಲೆಗೆ ನೀರು ಹಾಕುತ್ತಿದ್ದವಳು ನೀನೇ. "ಈ ಕಿವಿಗೆ ನೀರು ಬಿದ್ರೆ ನನ್ ಹತ್ರ ಬರ್ಬೇಡಿ" ಎಂದು ನಮ್ಮ ಕಿವಿ ವೈದ್ಯ ಬೈದಿದ್ದು ನಿನಗೇ. ಗಂಟೆಗೆ ಒಂದು ಸಾಲು ಬರೆ.

ಕಡ್ಡಿ


ಜೂನ್ 17

ಅಮ್ಮ,

ಚುಚ್ಚಿದೆಯಲ್ಲ! ನಿಜವಾಗಿ ಚುಚ್ಚಿದೆಯಲ್ಲ! ಪಿನ್ನೂ ಅಂಗಡಿಯದೇ, ಅಂಚು ನೆಟ್ಟಗೆ ಮಡಚಿ, ಗಿರಾಕಿಯ ಕೋಟಿಗೆ ಚುಚ್ಚಿದ ಹಾಗೆ. ಗಂಟೆ ಊಟದ ಮನೆಯಲ್ಲಿ ಎಲ್ಲರೆದುರು ನನ್ನ ತಟ್ಟೆಯ ಪಕ್ಕ ಇಟ್ಟು ಹೋದಳು. "ಇಸ್ತ್ರಿಯಮ್ಮನ ಹತ್ರಾನೂ ಕಲೆ ಹೋಗ್ಲಿಲ್ವಂತೆ!" ಎಂದು ಇಡೀ ಸಾಲು ನಕ್ಕಿತು. ಪಕ್ಕದವಳಿಗೆ ಲೋಟದಲ್ಲಿ ಬಾರಿಸಿದೆ. ತೊಟ್ಟಿ.

ನೀನು ತಾಯಿಯಲ್ಲ, ಕೌಂಟರು.

ಕಿವಿಯೊಳಗೆ ಸೂಜಿ ತಿರುಗಿಸಿದ ಹಾಗೆ ಆಗುತ್ತದೆ. ಇದನ್ನೂ ವಾಪಸ್ ಕಳಿಸು.


ಜುಲೈ 1

ಅಮ್ಮ ಅನ್ನಿಸಿಕೊಂಡವಳೇ,

ಎರಡನೆಯದೂ ಬಂತು. ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಈ ಸಲ ಬೈಯದೆ ಬರೆಯಬೇಕು ಎಂದು ಕೂತೆ. ಆಗುತ್ತಿಲ್ಲ. ನೋವು ಇರುವಾಗ ಸಮಾಧಾನದಿಂದ ಬರೆಯುವುದು ಹೇಗೆ ಎಂದು ನಿನ್ನ ಬೆಣ್ಣೆಯನ್ನೇ ಕೇಳು. ಕಿವಿ ಸೋರುತ್ತಿದೆ. ವಾಸನೆ ಬರುತ್ತದೆ, ಪಕ್ಕದ ಮಂಚದವಳು ಮಂಚ ದೂರ ಎಳೆದುಕೊಂಡಿದ್ದಾಳೆ. ಹೊರಗಿನ ವೈದ್ಯರಿಗೆ ತೋರಿಸಿ ಎಂದು ಗಂಟೆಯನ್ನು ಕೇಳಿದೆ. "ಮನೆಯವ್ರು ಒಪ್ಪಿಗೆ ಬರೆದ್ರೆ ಕರ್ಕೊಂಡು ಹೋಗ್ತೀನಮ್ಮ. ನಿಮ್ಮಂಥವರ ನಾಟಕ ನಾನು ಬೇಕಾದಷ್ಟು ನೋಡಿದ್ದೀನಿ" ಅಂದಳು.

ಒಂದೇ ಸಾಲು. 'ನನ್ನ ಮಗಳನ್ನು ವೈದ್ಯರಿಗೆ ತೋರಿಸಿ.' ಅಷ್ಟು ಬರೆಯಲು ನಿನಗೇನು ರೋಗ? ನಿನ್ನ ಮುದ್ದಿನ ಗುಂಡನಿಗೆ ಸೀನು ಬಂದರೆ ಆಸ್ಪತ್ರೆಗೆ ಓಡುತ್ತೀಯಲ್ಲ, ಥೂ. ಬರೆಯೇ. ಬರೆ. ಬರೆ.


ಜುಲೈ 21

ಪೂಜ್ಯ ಅಮ್ಮನಿಗೆ,

ಒಳ್ಳೆಯ ವಿಷಯ: ಹಿತ್ತಲಿನ ಗೋಡೆಯ ಸಂದಿಯಲ್ಲಿ ಒಂದು ಬೆಕ್ಕು ಮರಿ ಹಾಕಿದೆ. ಮೂರನೆಯ ಪತ್ರವೂ ವಾಪಸ್ ಬಂದಾಗ ನಾನು ಸಲಹೆಗಾರರ ಜೊತೆ ಕೂತು ಮಾತಾಡಿದೆ. ಅವರು ಹೇಳಿದ್ದು ನನಗೆ ಅರ್ಥವಾಗಿದೆ. ನನ್ನ ಹಿಂದಿನ ಪತ್ರಗಳ ಭಾಷೆಗಾಗಿ ಕ್ಷಮಿಸು.

ನಾನು ಬೆಳಿಗ್ಗೆ ಗಂಟೆ ಹೊಡೆದ ಕೂಡಲೇ ಏಳುತ್ತೇನೆ. ಹಾಸಿಗೆ ಮಡಚುತ್ತೇನೆ. ಬ್ರೆಡ್ಡು, ಹಾಲು ಮುಗಿಸುತ್ತೇನೆ. ಕೋಪ ಬಂದರೆ ಅಂಗೈಯನ್ನು ಗೋಡೆಗೆ ಒತ್ತಿ ನಿಲ್ಲುತ್ತೇನೆ. ತೊಟ್ಟಿಗೆ ಹೋಗಿ ಎಷ್ಟೋ ದಿನವಾಯಿತು. ಈ ಪತ್ರವನ್ನು ಸಲಹೆಗಾರರು ಓದಿದ್ದಾರೆ. ಎರಡು ಸಾಲು ದೂರಿನಂತೆ ಇದ್ದವು ಎಂದು ತೆಗೆಸಿ ಮತ್ತೆ ಬರೆಸಿದ್ದಾರೆ. ಅವರು ಹೇಳಿದ್ದು ಸರಿ.

ಬಸ್ಸಿನಲ್ಲಿ ನನ್ನ ದಿಂಬಿನ ಕವರು ಕಳಿಸಿದ್ದೇನೆ. ಅದೊಂದೇ ಇದೆ, ಬೇರೆ ಬಟ್ಟೆ ಇಲ್ಲ. ದಯವಿಟ್ಟು ನೀನೇ ಒಗೆ, ಅಂಗಡಿಯ ಹುಡುಗಿಯರಿಗೆ ಕೊಡಬೇಡ. ಒಗೆಯುವ ಮೊದಲು ಬೆಳಕಿಗೆ ಹಿಡಿದು ನೋಡು. ಬಲಗಡೆ ನೋಡು.

ಗುಂಡನ ಪಾದಕ್ಕೆ ನನ್ನ ಮುತ್ತು.

ನಿನ್ನ ವಿಧೇಯ ಮಗಳು


ಜುಲೈ 28

ನನ್ನ ಬಂಗಾರದ ಕಡ್ಡಿ,

ನಿನ್ನ ಪತ್ರ ಓದಿ ಕೌಂಟರಿನಲ್ಲೇ ಕೂತು ಅತ್ತೆ. ರೇಷ್ಮೆ ಸೀರೆ ಒಗೆಯಲು ಕೊಡಲು ಬಂದಿದ್ದ ಗಿರಾಕಿ ಗಾಬರಿಯಾಗಿ ಸೀರೆ ವಾಪಸ್ ತೆಗೆದುಕೊಂಡು ಹೊರಟೇಬಿಟ್ಟಳು! ಪಕ್ಕದ ಮನೆಯವಳಿಗೂ ಪತ್ರ ತೋರಿಸಿದೆ. "ಇದು ನಮ್ಮ ಕಿಟಕಿ ಒಡೆದ ಹುಡುಗಿಯ ಅಕ್ಷರಾನಾ?" ಅಂದಳು. ಹೌದು, ಅವಳದೇ ಅಂದೆ. ನನ್ನ ಎದೆ ಎಷ್ಟು ಉಬ್ಬಿತ್ತು ಎಂದರೆ ಕುಪ್ಪಸದ ಗುಂಡಿ ಕಿತ್ತು ಹೋಗಬೇಕಿತ್ತು.

ನಿನ್ನ ಮೂರು ಪತ್ರ ನಾನೇ ವಾಪಸ್ ಮಾಡಿದೆ, ಅದನ್ನು ಹೇಳಿಬಿಡುತ್ತೇನೆ. ಮೊದಲ ಸಾಲು ಬಿಟ್ಟು ಮುಂದೆ ಓದಲಿಲ್ಲ, ಸಲಹೆಗಾರರಿಗೆ ಮಾತು ಕೊಟ್ಟಿದ್ದೆ. ಈಗ ನೋಡು, ಅವರು ಹೇಳಿದ ಹಾಗೇ ಆಯಿತು. ಮನೆಯಲ್ಲಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇವೆ. ಗುಂಡನ ಅಪ್ಪ ನನ್ನ ಮೇಲೆ ಕೂಗಾಡುವುದು ಕಡಿಮೆಯಾಗಿದೆ. ಗುಂಡ ಹಾಡಲು ಕಲಿತಿದ್ದಾನೆ, ಒಂದೇ ಸಾಲು, ಅದನ್ನೇ ದಿನವಿಡೀ ಹಾಡಿ ತಲೆ ತಿನ್ನುತ್ತಾನೆ. ಎಷ್ಟೋ ವರ್ಷಗಳ ಮೇಲೆ ಈ ಮನೆಗೆ ನೆಮ್ಮದಿ ಬಂದಿದೆ. ಇದನ್ನು ಕೆಡಿಸಿಕೊಳ್ಳಬಾರದು, ನೀನೂ, ನಾವೂ.

ದಿಂಬಿನ ಕವರು ಬಂತು. ಟೀ ಕಲೆ ತಾನೇ? ಹಾಸಿಗೆಯಲ್ಲಿ ಕೂತು ಕುಡಿಯಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ಕಲೆ ಹಳೆಯದಾಗಿ ಹಟ ಹಿಡಿದಿತ್ತು. ಇಡೀ ರಾತ್ರಿ ತಣ್ಣೀರಲ್ಲಿ ನೆನೆಯಿಟ್ಟು, ಮೂರು ಸಲ ನೀರು ಬದಲಿಸಿ, ಉಪ್ಪು ಹಾಕಿ ಕೈಯಲ್ಲೇ ಉಜ್ಜಿದೆ. ಹಾಲಿನ ಹಾಗೆ ಬಿಳಿಯಾಗಿದೆ. ಗರಿಗರಿ ಇಸ್ತ್ರಿ ಮಾಡಿ ಕಳಿಸಿದ್ದೇನೆ.

ಹೀಗೇ ಇರು. ಇಷ್ಟು ದೂರ ಬಂದವಳು ಈಗ ಹಿಂದೆ ತಿರುಗಬೇಡ.

ನಿನ್ನ ಅಮ್ಮ


ಆಗಸ್ಟ್ 16

ಪೂಜ್ಯ ಅಮ್ಮನಿಗೆ,

ಒಳ್ಳೆಯ ವಿಷಯ: ಕವರು ತಲುಪಿತು. ತುಂಬ ಬಿಳಿಯಾಗಿತ್ತು.

ನನಗೆ ಒಂದು ಉಪಾಯ ಸಿಕ್ಕಿದೆ. ಈಗ ಯಾರು ಏನೆಂದು ಕರೆದರೂ ಕೋಪ ಬರುವುದಿಲ್ಲ. ಊಟದ ಮನೆಯಲ್ಲಿ ನಾನು ಸಾಲಿನ ತುದಿಯಲ್ಲಿ ಎಡಗಡೆ ಗೋಡೆ ಇರುವ ಜಾಗದಲ್ಲಿ ಕೂರುತ್ತೇನೆ. ಮಲಗುವಾಗ ಎಡಮಗ್ಗುಲಿಗೆ ಮಲಗಿ ಕಿವಿಯನ್ನು ದಿಂಬಿಗೆ ಒತ್ತಿಕೊಳ್ಳುತ್ತೇನೆ. ಆಗ ಲೋಕ ಬಾಗಿಲು ಹಾಕಿಕೊಂಡ ಹಾಗೆ ಇರುತ್ತದೆ. ಹುಡುಗಿಯರ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಅವರಿಗೆ ಈಗ ನನ್ನ ಮೇಲೆ ಆಸಕ್ತಿ ಹೋಗಿದೆ, ಹೊಸದಾಗಿ ಬಂದ ಒಬ್ಬಳನ್ನು ಹಿಡಿದುಕೊಂಡಿದ್ದಾರೆ. ಅವಳನ್ನು ತೊಟ್ಟಿಗೆ ಕರೆದೊಯ್ದಾಗ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ. ಅದನ್ನು ಸಲಹೆಗಾರರಿಗೆ ಹೇಳಿದೆ. ಬೆನ್ನು ತಟ್ಟಿದರು.

ಹೊಸ ಮಕ್ಕಳ ತಂದೆತಾಯಿಯರು ಬಂದರೆ ಸಲಹೆಗಾರರು ನನ್ನನ್ನೇ ಕರೆಸುತ್ತಾರೆ. ನಾನು ಕೈಕಟ್ಟಿ ನಿಂತಿರುತ್ತೇನೆ. ಅವರು ನನ್ನ ಹಿಂದೆ ಬಲಗಡೆಗೆ ನಿಂತು ಇದ್ದಕ್ಕಿದ್ದಂತೆ ಗಂಟೆ ಬಾರಿಸುತ್ತಾರೆ. ನಾನು ಬೆಚ್ಚುವುದಿಲ್ಲ. "ನೋಡಿ, ಮೊದಲು ಇವಳು ಪಟಾಕಿ ಆಗಿದ್ದಳು" ಅನ್ನುತ್ತಾರಂತೆ.

ಇನ್ನು ಮುಂದೆ ಬಟ್ಟೆ ಕಳಿಸುವುದಿಲ್ಲ. ಇಲ್ಲೇ ಎಲ್ಲರ ಬಟ್ಟೆಯ ಜೊತೆ ಹಾಕುತ್ತೇನೆ. ನಿನಗೆ ತೊಂದರೆ ಬೇಡ.

ನಿನ್ನ ವಿಧೇಯ ಮಗಳು


ಆಗಸ್ಟ್ 24

ಪ್ರೀತಿಯ ಕಡ್ಡಿ,

ಬಟ್ಟೆ ಕಳಿಸುವುದಿಲ್ಲ ಎಂದರೆ ಏನರ್ಥ? ಅಲ್ಲಿನವರಿಗೆ ಸೋಪು ಹಾಕಲೂ ಬರುವುದಿಲ್ಲ, ಕಾಲರು ಹಿಂಡಿ ಹಿಪ್ಪೆ ಮಾಡುತ್ತಾರೆ. ನನಗೆ ಯಾವ ತೊಂದರೆ ಎಂದು ಹೇಳಿದವರು ಯಾರು? ಬಸ್ಸಿನಿಂದ ಖಾಲಿ ಚೀಲ ಬಂದಾಗ ಅದನ್ನು ತಿರುವಿ ಹಾಕಿ ಕೊಡವಿ ನೋಡಿದೆ.

ಸಲಹೆಗಾರರ ವರದಿ ಬಂದಿದೆ. 'ಹೆಸರಿಟ್ಟು ಕರೆದರೂ ತಿರುಗಿ ನೋಡದಷ್ಟು ಸಂಯಮ' ಎಂದು ಬರೆದಿದ್ದಾರೆ. ಅದನ್ನು ಗೋಡೆಗೆ ಅಂಟಿಸಿದ್ದೇನೆ. ಅವಧಿ ಮುಗಿದ ಕೂಡಲೇ ನಿನ್ನನ್ನು ಮನೆಗೆ ಕರೆತರಬಹುದಂತೆ. ನಿನ್ನ ಕೋಣೆಗೆ ಸುಣ್ಣ ಹೊಡೆಸುತ್ತೇನೆ. ಯಾವ ಬಣ್ಣ ಬೇಕು, ಬರೆ.

ನಿನ್ನನ್ನು ಒಂದು ವಿಷಯ ಕೇಳಬೇಕು ಎಂದಿದ್ದೆ. ಬೇಡ ಬಿಡು, ಏನೂ ಇಲ್ಲ. ಎಲ್ಲ ಆರೋಗ್ಯ ತಾನೇ? ಏನಾದರೂ ಇದ್ದಿದ್ದರೆ ನೀನೇ ಬರೆಯುತ್ತಿದ್ದೆ.

ನಿನ್ನ ಅಮ್ಮ


ಸೆಪ್ಟೆಂಬರ್ 26

ಕಡ್ಡಿ,

ದೊಡ್ಡಮ್ಮನ ಮನೆಗೆ ಬರೆಯುತ್ತಿದ್ದೇನೆ. ನನ್ನ ಅಕ್ಕ ನನ್ನ ಮಗಳನ್ನು ಆಸ್ಪತ್ರೆಯಿಂದ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾಳೆ, "ನೀನು ಸದ್ಯಕ್ಕೆ ಬರ್ಬೇಡ" ಎಂದು ನನಗೇ ಹೇಳುತ್ತಾಳೆ! ಬೀಗದ ಕೈ ಕೊರೆಯುವವಳು, ಮಕ್ಕಳು ಮರಿ ಹೆತ್ತವಳಲ್ಲ, ಅವಳಿಗೇನು ಗೊತ್ತು?

ನೀನು ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದೆ ಎಂದು ಫೋನು ಬಂದಾಗ ನಾನು ಕೌಂಟರು ಹಾಗೇ ಬಿಟ್ಟು ಓಡಿ ಬಂದೆ. ಕಿವಿಯ ಹಿಂದಿನ ಮೂಳೆಯವರೆಗೆ ಕೊಳೆತಿದೆ, ಕೊರೆದು ತೆಗೆದಿದ್ದೇವೆ, ಜೀವಕ್ಕೆ ಅಪಾಯವಿಲ್ಲ, ಆದರೆ ಬಲಗಿವಿಯ ಆಸೆ ಬಿಡಿ ಎಂದ ಆಸ್ಪತ್ರೆಯ ವೈದ್ಯ. ನನ್ನ ಮುಖ ನೋಡಿ "ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದು ಕೇಳಿದ. ಎಲ್ಲರೆದುರು! ನಾನೇನು ಕನಸು ಕಂಡಿದ್ದೆನಾ? ನೀನು ಒಂದೇ ಒಂದು ಮಾತು ನೆಟ್ಟಗೆ ಹೇಳಿದ್ದರೆ! ಪತ್ರದ ಮೊದಲ ಸಾಲಿಗೇ ಥೂ, ಛೀ ಎಂದು ಶುರು ಮಾಡಿದರೆ ಅದರೊಳಗೆ ಕಿವಿ ಎಲ್ಲಿದೆ, ಬಾಯಿ ಎಲ್ಲಿದೆ ಎಂದು ಯಾರು ಹುಡುಕಬೇಕು? ಆಮೇಲೆ ಬರೆದದ್ದರಲ್ಲಿ ಬೆಕ್ಕು, ಬ್ರೆಡ್ಡು! ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬರದೆ ಇರುತ್ತಿದ್ದೆನಾ? ತೊಟ್ಟಿಯ ವಿಷಯ ಈಗ ಅಕ್ಕ ಹೇಳಿದ ಮೇಲೆ ತಿಳಿದದ್ದು, ಮೊದಲೇ ತಿಳಿದಿದ್ದರೆ ಆ ಗಂಟೆಯವಳ ಕೈ ಮುರಿದುಹಾಕುತ್ತಿದ್ದೆ. ಆ ಸಲಹೆಗಾರನ ನಾಲಿಗೆ ಕೀಳುತ್ತಿದ್ದೆ. "ಮಗಳಿಗೆ ಕೋಪ ಬರೋದು ನಿನ್ನಿಂದಾನೇ" ಎಂದು ಇವರು ಮನೆಯಲ್ಲಿ ಬೇರೆ ಚುಚ್ಚುತ್ತಾರೆ.

ಆಸ್ಪತ್ರೆಯಲ್ಲಿ ಮಧ್ಯಾಹ್ನ ಪೂರ್ತಿ ನಿನ್ನ ಮಂಚದ ಪಕ್ಕ ಕೂತು ಮಾತಾಡಿದೆ. ಹಿಂದೆಂದೂ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ನೀನು ಗೋಡೆಯ ಕಡೆ ಮುಖ ಮಾಡಿ ಕಲ್ಲಿನ ಹಾಗೆ ಮಲಗಿದ್ದೆ. ಒಂದು ಸಲ ತಿರುಗಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಉತ್ತರ ಬರೆ. ಈಗಲೇ ಬರೆ.

ಅಮ್ಮ


ಅಕ್ಟೋಬರ್ 8

ಪ್ರೀತಿಯ ಮಗಳೇ,

ನನ್ನ ಪತ್ರ ವಾಪಸ್ ಬಂತು. ಅದರ ಮೇಲೆ ನಾನು ಚುಚ್ಚಿ ಕಳಿಸಿದ್ದ ಕೆಂಪು ಚೀಟಿ, ನನ್ನದೇ ಪಿನ್ನು. ಮೊದಲು ಅದನ್ನು ಹರಿದುಹಾಕಿದೆ. ಆಮೇಲೆ ಕೂಡಿಸಿ ಅಂಟಿಸಿದೆ. ನಿನ್ನ ಕೈಯಿಂದ ಬಂದದ್ದು ಸದ್ಯಕ್ಕೆ ಅದೊಂದೇ ಇದೆ.

ಸರಿ. ಹಾಗೇ ಬರೆಯುತ್ತೇನೆ.

ಒಳ್ಳೆಯ ವಿಷಯ: ಗುಂಡ ಈಗ ಓಡುತ್ತಾನೆ, ಕುಂಟುವುದಿಲ್ಲ. ನಿನ್ನ ಕೋಣೆಗೆ ತಿಳಿ ಹಸಿರು ಬಣ್ಣ ಹೊಡೆಸಿದ್ದೇನೆ. ನೀನು ಬಣ್ಣ ಹೇಳಲಿಲ್ಲ, ನಾನೇ ಆರಿಸಿದೆ. ದೂರು ಏನೂ ಇಲ್ಲ. ಯಾರ ಮೇಲೂ ಇಲ್ಲ. ನಾನು ಬೆಳಿಗ್ಗೆ ಏಳುತ್ತೇನೆ, ಅಂಗಡಿಗೆ ಹೋಗುತ್ತೇನೆ, ಬರುತ್ತೇನೆ. ನಿನ್ನ ದಿಂಬಿಗೆ ಹೊಸ ಕವರು ಹೊಲಿದಿದ್ದೇನೆ.

ಮನೆಗೆ ಬಾ. ಇಷ್ಟೇ ಕೇಳುವುದು. ಸಮಾಧಾನದಿಂದ ಕೇಳುತ್ತಿದ್ದೇನೆ.

ನಿನ್ನ ಅಮ್ಮ


ಅಕ್ಟೋಬರ್ 15

ಪೂಜ್ಯ ಅಮ್ಮನಿಗೆ,

ಒಳ್ಳೆಯ ವಿಷಯ: ಹೊಲಿಗೆ ಬಿಚ್ಚಿದರು. ನಿನ್ನ ಪತ್ರ ಸಮಾಧಾನದಿಂದ ಕೂಡಿತ್ತು, ಆದ್ದರಿಂದ ಉತ್ತರ ಬರೆಯುತ್ತಿದ್ದೇನೆ.

ದೊಡ್ಡಮ್ಮನ ಅಂಗಡಿಯಲ್ಲಿ ದಿನವಿಡೀ ಬೀಗದ ಕೈ ಕೊರೆಯುವ ಯಂತ್ರ ಕಿರುಚುತ್ತದೆ. ನಾನು ಬಲಗಡೆಯನ್ನು ಯಂತ್ರಕ್ಕೆ ಕೊಟ್ಟು ಕೂರುತ್ತೇನೆ, ಏನೂ ತೊಂದರೆಯಿಲ್ಲ. ಮೊನ್ನೆ ಒಬ್ಬ ಗಿರಾಕಿ "ಏನಮ್ಮ, ಕಿವುಡಾ?" ಎಂದು ಕೂಗಿದ. ದೊಡ್ಡಮ್ಮನಿಗೆ ರೇಗಿತು. ನನಗೆ ಅಂಗೈ ಬಿಸಿಯಾಗಲಿಲ್ಲ. "ಹೌದು, ಒಂದು ಕಡೆ" ಅಂದೆ. ನೀನು ಬಯಸಿದ ಹಾಗೆ ಆಗಿದ್ದೇನೆ.

ಕಿವಿಯ ವಿಷಯ ನಿನಗೆ ಗೊತ್ತಿರಲಿಲ್ಲ ಎಂದು ನಾನು ವಾಪಸ್ ಮಾಡಿದ ಪತ್ರದಲ್ಲಿ ನೀನು ಬರೆದಿದ್ದೆ. ಹೌದು, ನಾನು ಅದನ್ನು ಪೂರ್ತಿ ಓದಿದೆ, ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ನೀನು ಮಾತಾಡಿದ್ದು ಮಾತ್ರ ಗೊತ್ತಿಲ್ಲ. ನನ್ನ ಎಡಗಿವಿ ದಿಂಬಿನೊಳಗಿತ್ತು. ನೀನು ಮಧ್ಯಾಹ್ನ ಪೂರ್ತಿ ಬ್ಯಾಂಡೇಜಿಗೆ ಹೇಳಿದ್ದೀಯ. ಮತ್ತೆ ಹೇಳುವುದು ಬೇಡ.

ನಾನು ಕಳಿಸಿದ ಕವರನ್ನು ನೀನು ಟೀ ಕಲೆ ಎಂದೆ. ಅದೇ ಪತ್ರದಲ್ಲಿ, ಇಡೀ ರಾತ್ರಿ ತಣ್ಣೀರಲ್ಲಿ ನೆನೆಯಿಟ್ಟೆ, ಉಪ್ಪು ಹಾಕಿ ಉಜ್ಜಿದೆ ಎಂದೂ ಬರೆದೆ. ಅಮ್ಮ, ಟೀ ಕಲೆಗೆ ನೀನು ಜನ್ಮದಲ್ಲಿ ತಣ್ಣೀರು ಹಾಕಿದವಳಲ್ಲ. ಅದು ಕೀವು, ರಕ್ತ ಎಂದು ನಿನ್ನ ಕೈಗೆ ಮುಟ್ಟಿದ ಕೂಡಲೇ ಗೊತ್ತಾಯಿತು. ಬಲಗಡೆ ನೋಡು ಎಂದಿದ್ದೆ, ನೀನು ನೋಡಿದೆ. ನನ್ನ ಬಲಗಿವಿ ಯಾವುದು ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವತ್ತು ಒಂದು ಸಾಲು ಬರೆದಿದ್ದರೆ ನನ್ನನ್ನು ವೈದ್ಯರ ಹತ್ತಿರ ಕರೆದೊಯ್ಯುತ್ತಿದ್ದರು. ಆದರೆ ಅವರು ನನ್ನನ್ನು ಮನೆಗೂ ಕಳಿಸಿಬಿಡಬಹುದಿತ್ತು. ಮನೆಯಲ್ಲಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡುತ್ತಿದ್ದಿರಿ. ಅದನ್ನು ಬಿಟ್ಟುಕೊಡಲು ನಿನಗೆ ಮನಸ್ಸಾಗಲಿಲ್ಲ. ಅದಕ್ಕೇ ನನ್ನ ಕಿವಿಯನ್ನು ಬಿಳಿ ಮಾಡಿ, ಇಸ್ತ್ರಿ ಹೊಡೆದು ವಾಪಸ್ ಕಳಿಸಿದೆ.

ಇದು ದೂರಲ್ಲ. ಆ ಕವರನ್ನು ಬಿಚ್ಚಿದಾಗ ತುಂಬ ಹೊತ್ತು ಮೂಸಿ ನೋಡಿದೆ, ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವತ್ತಿನಿಂದ ನನಗೆ ಕೋಪ ಬಂದಿಲ್ಲ. ತೊಟ್ಟಿಯಿಂದ ಆಗದ್ದು ನಿನ್ನಿಂದ ಆಯಿತು.

ನಾನು ಮನೆಗೆ ಬರುತ್ತೇನೆ. ಮುಂದಿನ ವಾರ ದೊಡ್ಡಮ್ಮ ಬಾಗಿಲವರೆಗೆ ಬಿಟ್ಟು ಹೋಗುತ್ತಾಳೆ, ಒಳಗೆ ಬರುವುದಿಲ್ಲ. ಹೆದರಬೇಡ, ಯಾವ ಗಾಜೂ ಒಡೆಯುವುದಿಲ್ಲ. ಬೆಳಿಗ್ಗೆ ಏಳುತ್ತೇನೆ, ಹಾಸಿಗೆ ಮಡಚುತ್ತೇನೆ, ಕೊಟ್ಟದ್ದು ತಿನ್ನುತ್ತೇನೆ. ಡ್ರೈವರಿಗೆ ನಮಸ್ಕಾರ ಹೇಳುತ್ತೇನೆ. ನೀನು ನನ್ನನ್ನು ಪಕ್ಕದ ಮನೆಯವಳಿಗೆ ತೋರಿಸಬಹುದು.

ಒಂದೇ ಒಂದು ಕೋರಿಕೆ. ಊಟದ ಮೇಜಿಗೆ ನನ್ನ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕು. ಒಲೆಯ ಹತ್ತಿರದ ನಿನ್ನ ಜಾಗ ಆಗ ನನ್ನ ಬಲಗಡೆಗೆ ಬರುತ್ತದೆ. ನೀನು ಅಲ್ಲೇ ಕೂತು ಏನು ಬೇಕಾದರೂ ಹೇಳಬಹುದು, ಎಷ್ಟು ಹೊತ್ತು ಬೇಕಾದರೂ ಅಳಬಹುದು, ನಾನು ಬೇಡ ಅನ್ನುವುದಿಲ್ಲ.

ಗುಂಡನನ್ನು ಮಾತ್ರ ಎಡಗಡೆ ಕೂರಿಸು. ಅವನು ಕಲಿತ ಹಾಡು ನನಗೆ ಕೇಳಬೇಕು.

ನಿನ್ನ ವಿಧೇಯ ಮಗಳು